ನುಡಿಗಾಗಿ ಹೇಳಿದ ಸುಳ್ಳು

1817ರ ಸೆಪ್ಟೆಂಬರ್ ತಿಂಗಳು. ಈಗಿನ ಚೆಕ್ ದೇಶದ ದ್ವೂರ್ ಕ್ರಾಲೊವೆ ಅನ್ನೋ ಸಣ್ಣ ಊರು. ಅಲ್ಲಿನ ಚರ್ಚಿನ ಗೋಪುರದಲ್ಲಿ ವಾಕ್ಲಾವ್ ಹಾಂಕಾ ಎಂಬ 26 ವರ್ಷದ ಯುವಕನಿಗೆ ಕೆಲವು ಹಳೆಯ ಚರ್ಮದ ಹಾಳೆಗಳು ಸಿಕ್ಕವು. ಅವುಗಳ ಮೇಲೆ ಹಳೆಯ ಚೆಕ್ ಭಾಷೆಯ ಪದ್ಯಗಳು. ನೋಡಿದವರು 13ನೇ ಶತಮಾನದವು ಅಂದರು. ಮರುವರ್ಷ ಇನ್ನೊಂದು ಪವಾಡ. ಪ್ರಾಗ್‌ನಲ್ಲಿ ಆಗಷ್ಟೇ ಶುರುವಾಗುತ್ತಿದ್ದ ಮ್ಯೂಸಿಯಂಗೆ ಅಂತ ಯಾರೋ ಹೆಸರು ಹೇಳದೆ ಮತ್ತೊಂದು ಹಸ್ತಪ್ರತಿ ಕಳಿಸಿದರು. ಅದು ಇನ್ನೂ ಹಳೆಯದು, ಸಾವಿರ ವರ್ಷದ ಹತ್ತಿರ ಹತ್ತಿರ ಅಂತ ಲೆಕ್ಕ ಹಾಕಲಾಯ್ತು.

ಏನಿತ್ತು ಅದರಲ್ಲಿ? ಚೆಕ್ ಜನಕ್ಕೆ ಏನೇನು ಬೇಕಿತ್ತೋ ಎಲ್ಲವೂ ಇತ್ತು. ದಾಳಿಗೆ ಬಂದ ಸ್ಯಾಕ್ಸನ್ನರನ್ನು ಓಡಿಸಿದ ವೀರರು, ತಾರ್ತಾರರನ್ನು ಸೋಲಿಸಿದ ಯೋಧರು, ನ್ಯಾಯಪೀಠದಲ್ಲಿ ಕೂತು ತೀರ್ಪು ಕೊಡುವ ಲಿಬುಷೆ ಎಂಬ ರಾಣಿ. ನ್ಯಾಯ ಹುಡುಕಿಕೊಂಡು ಜರ್ಮನ್ನರ ಹತ್ತಿರ ಹೋಗಬೇಕಿಲ್ಲ, ನಮ್ಮದೇ ಕಾನೂನು ನಮಗಿದೆ ಅನ್ನೋ ಮಾತೂ ಅದರಲ್ಲಿತ್ತು. ಗಯಟೆಯಂಥ ಗಯಟೆ ಇದರ ಒಂದು ಪದ್ಯವನ್ನು ಮೆಚ್ಚಿ ತನ್ನದೇ ರೀತಿಯಲ್ಲಿ ಜರ್ಮನ್ನಿಗೆ ತಂದ. ಯುರೋಪಿನ ಹತ್ತಾರು ಭಾಷೆಗಳಿಗೆ ಅನುವಾದವಾಯಿತು.

ಸಮಸ್ಯೆ ಒಂದೇ. ಎರಡೂ ಖೋಟಾ. ಹಾಂಕಾ ಮತ್ತು ಅವನ ರೂಮ್‌ಮೇಟ್ ಆಗಿದ್ದ ಲೇಖಕ ಯೋಸೆಫ್ ಲಿಂಡಾ ಸೇರಿ ಮಾಡಿದ ಕೆಲಸ ಅಂತ ವಿದ್ವಾಂಸರ ಬಲವಾದ ಅನುಮಾನ. ಹಾಂಕಾ ಸಾಯೋವರೆಗೂ ಬಾಯಿ ಬಿಡಲಿಲ್ಲ.

ಇದನ್ನು ಯಾವನೋ ಒಬ್ಬ ಚಾಲಾಕಿಯ ಕಿತಾಪತಿ ಅಂತ ನಕ್ಕು ಬಿಡಬಹುದು. ಆದರೆ ಆಗಿನ ಒತ್ತಡ ಏನಿತ್ತು ಅಂತ ನೋಡದೆ ನಕ್ಕರೆ ಅರ್ಧ ಕಥೆಯಷ್ಟೇ ಸಿಗುತ್ತೆ.

ಬೊಹೀಮಿಯ ಒಂದು ಕಾಲದಲ್ಲಿ ಸ್ವಂತ ರಾಜರಿದ್ದ ನಾಡು. 1620ರಲ್ಲಿ ಪ್ರಾಗ್ ಹೊರಗಿನ ಬಿಳಿಬೆಟ್ಟದ ಕದನದಲ್ಲಿ ಅಲ್ಲಿನ ಸರದಾರರು ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೈನ್ಯದ ಮುಂದೆ ಸೋತರು. ಆಮೇಲೆ ನಿಧಾನವಾಗಿ ಜರ್ಮನ್ ಮೇಲೆ ಬಂತು. 1780ರ ದಶಕದಲ್ಲಿ ಚಕ್ರವರ್ತಿ ಎರಡನೇ ಯೋಸೆಫ್ ಆಡಳಿತಕ್ಕೂ ಮೇಲಿನ ಹಂತದ ಶಿಕ್ಷಣಕ್ಕೂ ಜರ್ಮನ್ನನ್ನೇ ಗಟ್ಟಿ ಮಾಡಿದ. ಅವನಿಗೆ ಚೆಕ್ ಭಾಷೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಇಡೀ ಸಾಮ್ರಾಜ್ಯಕ್ಕೆ ಒಂದು ಆಫೀಸ್ ಭಾಷೆ ಇದ್ದರೆ ಕೆಲಸ ಸಲೀಸು ಅನ್ನೋದಷ್ಟೇ ಲೆಕ್ಕ. ಈ ತರ್ಕ ನಮಗೂ ಪರಿಚಿತವೇ. ಪರಿಣಾಮ ಮಾತ್ರ ಸ್ಪಷ್ಟ: ಚೆಕ್ ಅಂದರೆ ಅಡುಗೆಮನೆಯಲ್ಲಿ, ಹೊಲದಲ್ಲಿ, ಕುದುರೆ ಲಾಯದಲ್ಲಿ ಆಡೋ ಮಾತು. ಓದು, ನೌಕರಿ, ಮರ್ಯಾದೆ ಬೇಕಾದರೆ ಜರ್ಮನ್.

ಎಷ್ಟರ ಮಟ್ಟಿಗೆ ಅಂದರೆ, ಚೆಕ್ ಭಾಷೆಯ ವ್ಯಾಕರಣವನ್ನು 1809ರಲ್ಲಿ ವಿವರವಾಗಿ ಬರೆದ ಮಹಾಪಂಡಿತ ಯೋಸೆಫ್ ದೊಬ್ರೊವ್‌ಸ್ಕಿ ಅದನ್ನು ಬರೆದದ್ದೇ ಜರ್ಮನ್‌ನಲ್ಲಿ. ಈ ಭಾಷೆ ಮತ್ತೆ ದೊಡ್ಡ ಸಾಹಿತ್ಯದ ಭಾಷೆಯಾದೀತು ಅಂತ ಅವನಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಅವನ ನಂತರದವರು ಹಟ ಹಿಡಿದರು. ಯೋಸೆಫ್ ಯುಂಗ್‌ಮನ್ 1834ರಿಂದ 1839ರ ನಡುವೆ ಐದು ಸಂಪುಟಗಳ ಚೆಕ್-ಜರ್ಮನ್ ನಿಘಂಟು ತಂದ. ಇಲ್ಲದ ಪದಗಳನ್ನು ರಷ್ಯನ್, ಪೋಲಿಷ್ ಭಾಷೆಗಳಿಂದ ಎರವಲು ತರಲಾಯಿತು. ಯಾನ್ ಪ್ರೆಸ್ಲ್ ಎಂಬ ವಿಜ್ಞಾನಿ ರಸಾಯನಶಾಸ್ತ್ರಕ್ಕೆ ಪದ ಕಟ್ಟಿದ. ಆಕ್ಸಿಜನ್‌ಗೆ ‘ಹುಳಿ’ ಅನ್ನೋ ಮಾತಿನಿಂದ ‘ಕಿಸ್ಲೀಕ್’, ಹೈಡ್ರೋಜನ್‌ಗೆ ‘ನೀರು’ ಅನ್ನೋದರಿಂದ ‘ವೊದೀಕ್’. ಆಮ್ಲಜನಕ, ಜಲಜನಕ ಅಂತ ಓದಿ ಬೆಳೆದ ನಮಗೆ ಈ ಕೆಲಸದ ಕಷ್ಟವೂ ಸಂತೋಷವೂ ಬೇಗ ಅರ್ಥವಾಗುತ್ತೆ.

ಆದರೆ ಪದ ಕಟ್ಟಿದರೆ ಸಾಕಾಗುತ್ತಿರಲಿಲ್ಲ. 19ನೇ ಶತಮಾನದ ಯುರೋಪಿನಲ್ಲಿ ಒಂದು ಜನಾಂಗಕ್ಕೆ ಕೇಳುತ್ತಿದ್ದ ಮೊದಲ ಪ್ರಶ್ನೆ: ನಿಮ್ಮ ಇತಿಹಾಸ ಎಲ್ಲಿ? ಜರ್ಮನ್ನರಿಗೆ ಮಧ್ಯಯುಗದ ವೀರಕಾವ್ಯ ಇತ್ತು. ರಷ್ಯನ್ನರಿಗೆ ಇತ್ತು. ಸರ್ಬರ ವೀರಗೀತೆಗಳು ಸಿಕ್ಕಿದ್ದವು. ಇಲ್ಲದವರ ಗತಿ? 1849ರಲ್ಲಿ ಫ್ರೆಡರಿಕ್ ಎಂಗಲ್ಸ್, ಹೌದು, ಅದೇ ಎಂಗಲ್ಸ್, ಆಸ್ಟ್ರಿಯದ ಸಣ್ಣ ಸ್ಲಾವ್ ಜನಾಂಗಗಳನ್ನು ಇತಿಹಾಸವಿಲ್ಲದ ಜನ ಅಂತ ಕರೆದು, ಅವರು ದೊಡ್ಡ ರಾಷ್ಟ್ರಗಳಲ್ಲಿ ಕರಗಿ ಹೋಗಬೇಕಾದವರು ಅಂತ ಬರೆದ. ದುಡಿಯುವ ವರ್ಗದ ಪರವಾಗಿ ಜೀವ ತೇಯ್ದ ಮನುಷ್ಯನಿಗೇ ಹೀಗನ್ನಿಸಿತ್ತು ಅಂದರೆ ಉಳಿದವರ ಮಾತು ಬಿಡಿ. ಇಂಥ ಕಾಲದಲ್ಲಿ ಹಸ್ತಪ್ರತಿ ಅಂದರೆ ಬರೀ ಸಾಹಿತ್ಯವಲ್ಲ, ಐಡಿ ಪ್ರೂಫ್. ಒರಿಜಿನಲ್ ಇಲ್ಲದವರು ಡೂಪ್ಲಿಕೇಟ್ ಮಾಡಿಸಿಕೊಂಡರು.

ಆ ಡೂಪ್ಲಿಕೇಟಿನ ಮೇಲೆ ಕಟ್ಟಿದ್ದೇನೂ ಕಡಿಮೆಯದಲ್ಲ. ಚಿತ್ರಕಾರರು ಅದನ್ನು ನೋಡಿ ಚಿತ್ರ ಬರೆದರು. ಚೆಕ್ಕರ ಮೊದಲ ದೊಡ್ಡ ಇತಿಹಾಸಕಾರ ಫ್ರಾಂಟಿಶೆಕ್ ಪಲಾಟ್ಸ್‌ಕಿ ಅದನ್ನು ನಂಬಿದ, ಸಮರ್ಥಿಸಿದ. ಜನರಿಂದ ಚಂದಾ ಎತ್ತಿ ಕಟ್ಟಿದ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರ 1881ರ ಜೂನ್‌ನಲ್ಲಿ ತೆರೆದದ್ದು ಸ್ಮೆತಾನಾನ ‘ಲಿಬುಷೆ’ ಒಪೆರಾದ ಮೂಲಕ. ಎರಡೇ ತಿಂಗಳಲ್ಲಿ ಅದು ಬೆಂಕಿಗೆ ಆಹುತಿಯಾದಾಗ ಜನ ತಿಂಗಳೂವರೆಯಲ್ಲಿ ಹತ್ತು ಲಕ್ಷ ಗುಲ್ಡನ್ ಮತ್ತೆ ಕೂಡಿಸಿದರು. ಆ ಉತ್ಸಾಹದಲ್ಲಿ ಒಂದು ಚೂರೂ ಖೋಟಾ ಇರಲಿಲ್ಲ.

ಇನ್ನೂ ಸ್ವಲ್ಪ ಹತ್ತಿರ ಹೋಗಿ ನೋಡಿ. ‘ಲಿಬುಷೆ’ಯ ಸಾಹಿತ್ಯವನ್ನು ಮೊದಲು ಬರೆದದ್ದು ಜರ್ಮನ್ ಭಾಷೆಯಲ್ಲಿ, ಆಮೇಲೆ ಚೆಕ್ಕಿಗೆ ತಂದದ್ದು. ಸ್ಮೆತಾನಾ ಓದಿದ್ದು ಜರ್ಮನ್‌ನಲ್ಲಿ, ಚೆಕ್ಕನ್ನು ಸರಿಯಾಗಿ ಬರೆಯಲು ಕಲಿತದ್ದು ದೊಡ್ಡವನಾದ ಮೇಲೆ. 1862ರಲ್ಲಿ ಚೆಕ್ ಯುವಕರಿಗೆ ಕಸರತ್ತು, ಶಿಸ್ತು ಕಲಿಸಲು ‘ಸೊಕೊಲ್’ ಸಂಘ ಕಟ್ಟಿದ ಮಿರೊಸ್ಲಾವ್ ತಿರ್ಶ್‌ನ ಹುಟ್ಟುಹೆಸರು ಫ್ರೀಡ್ರಿಖ್ ಎಮಾನುಯೆಲ್ ಟಿರ್ಶ್, ಮನೆತನ ಜರ್ಮನ್. ಅಂದರೆ ರಾಷ್ಟ್ರ ರಕ್ತದಲ್ಲಿ ಬರುತ್ತೆ ಅಂತ ಭಾಷಣ ಮಾಡುತ್ತಿದ್ದ ಆಂದೋಲನದ ಮುಂಚೂಣಿಯಲ್ಲಿದ್ದವರೇ ಅದನ್ನು ಆರಿಸಿಕೊಂಡವರು. ಆರಿಸಿಕೊಂಡರೆ ತಪ್ಪೇನೂ ಇಲ್ಲ. ಹಾಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಮುಂದಿನವರಿಗೆ ಸಿಗಲಿಲ್ಲ ಅನ್ನೋದೇ ತೊಂದರೆ.

ಯಾಕೆಂದರೆ ಊರುಗಳಲ್ಲಿ ಜನ ಬದುಕುತ್ತಿದ್ದ ರೀತಿ ಬೇರೆ. ಬೊಹೀಮಿಯ, ಮೊರಾವಿಯದ ಹಲವು ಕಡೆ ಮನೆಮನೆಗಳ ನಡುವೆ ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುವ ಪದ್ಧತಿ ಇತ್ತು. ಚೆಕ್ ಮನೆಯ ಹುಡುಗ ಕೆಲವು ತಿಂಗಳೋ ಒಂದು ವರ್ಷವೋ ಜರ್ಮನ್ ಮನೆಯಲ್ಲಿ, ಆ ಮನೆಯ ಮಗು ಇಲ್ಲಿ. ಎರಡು ಭಾಷೆ ಬಂದರೆ ನಾಳೆ ಅಂಗಡಿ ಇಡಬಹುದು, ನೌಕರಿ ಹಿಡಿಯಬಹುದು ಅನ್ನೋ ಸರಳ ವ್ಯವಹಾರ. ನೀವು ಚೆಕ್ಕರಾ ಜರ್ಮನ್ನರಾ ಅಂತ ಕೇಳಿದರೆ ತಡವರಿಸುವವರು, ನಾವು ಈ ಊರಿನವರು ಅನ್ನುವವರು ಬೇಕಾದಷ್ಟಿದ್ದರು. ಎರಡೂ ಕಡೆಯ ರಾಷ್ಟ್ರವಾದಿಗಳಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಎದುರಾಳಿಗಿಂತ ಎಡಬಿಡಂಗಿ ಹೆಚ್ಚು ಕಿರಿಕಿರಿ.

1880ರ ಜನಗಣತಿ ಈ ತಡವರಿಕೆಗೆ ಜಾಗ ಇಡಲಿಲ್ಲ. ಸಾಮ್ರಾಜ್ಯದ ಆಸ್ಟ್ರಿಯ ಭಾಗದಲ್ಲಿ ಪ್ರತಿಯೊಬ್ಬರಿಗೂ ‘ದಿನಬಳಕೆಯ ಭಾಷೆ’ ಯಾವುದು ಅಂತ ಕೇಳಿದರು. ಉತ್ತರ ಒಂದೇ ಇರಬೇಕು. ಎರಡು ಬರೆಯುವಂತಿಲ್ಲ. ಯಹೂದಿಗಳ ಯಿಡ್ಡಿಷ್ ಪಟ್ಟಿಯಲ್ಲೇ ಇರಲಿಲ್ಲ. ಸರ್ಕಾರಕ್ಕೆ ಅದು ಬರೀ ಡೇಟಾ. ಪತ್ರಿಕೆಗಳಿಗೆ ಮಾತ್ರ ಅದು ಸ್ಕೋರ್‌ಬೋರ್ಡ್. ಶಾಲೆ ಎಷ್ಟು, ನೌಕರಿ ಎಷ್ಟು, ಯಾರ ಊರು ಯಾರದು ಅನ್ನೋ ಜಗಳವೆಲ್ಲ ಆ ಒಂದು ಕಾಲಂ ಮೇಲೆ ನಿಂತಿತು. ಪ್ರತಿ ಹತ್ತು ವರ್ಷಕ್ಕೊಮ್ಮೆ ಎರಡೂ ಕಡೆಯವರು ಮನೆ ಬಾಗಿಲಿಗೆ ಬಂದು ಇದನ್ನೇ ಬರೆಸಿ ಅಂತ ಒತ್ತಾಯ ಮಾಡುವಂತಾಯಿತು. (ನಮ್ಮ ಜನಗಣತಿ ಮಾತೃಭಾಷೆಯ ಜೊತೆ ಗೊತ್ತಿರುವ ಇನ್ನೆರಡು ಭಾಷೆಗಳನ್ನೂ ಕೇಳುತ್ತೆ. ಸಣ್ಣ ವಿಷಯ ಅನ್ನಿಸಬಹುದು, ಸಣ್ಣದಲ್ಲ.) 1882ರಲ್ಲಿ ಪ್ರಾಗ್ ವಿಶ್ವವಿದ್ಯಾಲಯವೇ ಚೆಕ್ ಮತ್ತು ಜರ್ಮನ್ ಅಂತ ಎರಡು ಹೋಳಾಯಿತು.

ಹೀಗೆ ಗೆರೆ ಎಳೆದಾದ ಮೇಲೆ ಹಸ್ತಪ್ರತಿಗಳ ಬಗ್ಗೆ ಪ್ರಶ್ನೆ ಕೇಳೋದು ಅಂದರೆ ಗೆರೆ ದಾಟೋದು ಅಂತಲೇ ಅರ್ಥ. ಹಾಗಂತ ಅನುಮಾನ ಹೊಸದೇನಲ್ಲ. ಎರಡನೆಯ ಹಸ್ತಪ್ರತಿ ಮೋಸ ಅಂತ 1824ರಲ್ಲೇ ಬಹಿರಂಗವಾಗಿ ಹೇಳಿದವನು ದೊಬ್ರೊವ್‌ಸ್ಕಿ. ಹಾಂಕಾನಿಗೆ ಪಾಠ ಹೇಳಿಕೊಟ್ಟ ಗುರು. ಅವನ ಮಾತನ್ನು ಮುದುಕನ ಗೊಣಗಾಟ ಅಂತ ಪಕ್ಕಕ್ಕೆ ಸರಿಸಿದರು. 1858ರಲ್ಲಿ ಪ್ರಾಗ್‌ನ ಒಂದು ಜರ್ಮನ್ ಪತ್ರಿಕೆ ಹಾಂಕಾನನ್ನು ಖೋಟಾಗಾರ ಅಂತ ಕರೆಯಿತು. ಅವನು ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದ. ಸಂಪಾದಕ ಡೇವಿಡ್ ಕೂಗೆ ಜೈಲು ಶಿಕ್ಷೆಯಾಯಿತು, ಚಕ್ರವರ್ತಿ ಕ್ಷಮಾದಾನ ಕೊಟ್ಟದ್ದರಿಂದ ಉಳಿದುಕೊಂಡ. ಹಾಂಕಾ 1861ರಲ್ಲಿ ಸತ್ತಾಗ ನಾಡಿನ ವೀರನಿಗೆ ಸಲ್ಲುವ ಶವಯಾತ್ರೆ ಅವನಿಗೆ ಸಂದಿತು. ಸತ್ಯ ಹೇಳಿದ್ದು ಜರ್ಮನ್ ಪತ್ರಿಕೆ ಅನ್ನೋ ಕಾರಣಕ್ಕೇ ಅದು ಸುಳ್ಳಾಗಿಬಿಟ್ಟಿತು. ಎದುರು ಪಾರ್ಟಿಯವನ ಬಾಯಲ್ಲಿ ಬಂದ ಸತ್ಯ ಯಾವತ್ತೂ ಹಾಗೇ.

ಹಾಗಾಗಿ ಅದನ್ನು ಒಳಗಿನವರೇ ಹೇಳಬೇಕಿತ್ತು. 1886ರ ಫೆಬ್ರುವರಿಯಲ್ಲಿ ಭಾಷಾವಿದ್ವಾಂಸ ಯಾನ್ ಗೆಬೌಎರ್, ಈ ಹಸ್ತಪ್ರತಿಗಳನ್ನು ಮತ್ತೆ ಪರೀಕ್ಷೆ ಮಾಡಬೇಕು ಅಂತ ‘ಅಥೆನೇಯುಮ್’ ಎಂಬ ಪತ್ರಿಕೆಯಲ್ಲಿ ಲೇಖನ ಬರೆದ. ಅವನ ವಿಧಾನ ನೇರ. ಅನುಮಾನವೇ ಇಲ್ಲದ ಹಳೆಯ ಚೆಕ್ ಬರಹಗಳಲ್ಲಿ ವ್ಯಾಕರಣ ಹೇಗಿದೆ, ಇದರಲ್ಲಿ ಹೇಗಿದೆ ಅಂತ ಒಂದೊಂದೇ ರೂಪ ಎಣಿಸಿ ಹೋಲಿಸೋದು. ಹೊಂದಿಕೆಯಾಗಲಿಲ್ಲ. ಇತಿಹಾಸಕಾರ ಯಾರೊಸ್ಲಾವ್ ಗೋಲ್ ಪದ್ಯಗಳೊಳಗಿನ ಇತಿಹಾಸವನ್ನು ಒರೆಗೆ ಹಚ್ಚಿದ. ಪತ್ರಿಕೆಯ ಸಂಪಾದಕ, ಇಡೀ ಚರ್ಚೆಯನ್ನು ತಲೆಯ ಮೇಲೆ ಎಳೆದುಕೊಂಡವನು, ತೊಮಾಶ್ ಮಸಾರಿಕ್ ಎಂಬ 35 ವರ್ಷದ ಪ್ರೊಫೆಸರ್.

ಮಸಾರಿಕ್‌ನ ಹಿನ್ನೆಲೆ ನೋಡಿ. ಅಪ್ಪ ಸ್ಲೋವಾಕ್, ಚಕ್ರವರ್ತಿಯ ಜಮೀನಿನಲ್ಲಿ ಗಾಡಿ ಹೊಡೆಯುತ್ತಿದ್ದವನು. ಅಮ್ಮ ಮೊರಾವಿಯದವಳು, ಜರ್ಮನ್ ವಾತಾವರಣದಲ್ಲಿ ಬೆಳೆದವಳು. ಓದಿದ್ದು ವಿಯೆನ್ನಾದಲ್ಲಿ, ಹೆಂಡತಿ ಅಮೆರಿಕದವಳು. 1882ರಲ್ಲಿ ಪ್ರಾಗ್‌ಗೆ ಬಂದ ಹೊರಗಿನವ. ಪ್ರಮುಖ ಚೆಕ್ ಪತ್ರಿಕೆ ಅವನನ್ನು ನಾಡದ್ರೋಹಿ ಅಂತ ಝಾಡಿಸಿತು. ನಿನಗಿಲ್ಲೇನು ಕೆಲಸ, ವಾಪಸ್ ಹೋಗು ಅನ್ನೋ ಧಾಟಿ. ಪೂರ್ಣ ಪ್ರೊಫೆಸರ್ ಹುದ್ದೆ ಸಿಗಲು ಅವನು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಆದರೆ ಅವನ ವಾದ ಏನು ಅನ್ನೋದನ್ನು ಗಮನಿಸಬೇಕು. ಚೆಕ್ ಭಾಷೆಯ ಮೇಲೆ ಅಭಿಮಾನ ಬಿಡಿ ಅಂತ ಅವನು ಹೇಳಲಿಲ್ಲ. ಸುಳ್ಳಿನ ಮೇಲೆ ನಿಂತ ಅಭಿಮಾನ ನಮ್ಮನ್ನೇ ಸಣ್ಣವರನ್ನಾಗಿ ಮಾಡುತ್ತೆ ಅನ್ನೋದು ಅವನ ನಿಲುವು. ಒಂದು ಖೋಟಾ ಉಳಿಸಿಕೊಳ್ಳಲು ವ್ಯಾಕರಣ ತಿರುಚಬೇಕು, ಇತಿಹಾಸ ತಿರುಚಬೇಕು, ಗುರುವನ್ನು ಮುದುಕ ಅನ್ನಬೇಕು, ಸಂಪಾದಕನನ್ನು ಜೈಲಿಗೆ ಕಳಿಸಬೇಕು, ಕೊನೆಗೆ ಪ್ರಶ್ನೆ ಕೇಳಿದವರನ್ನೆಲ್ಲ ದ್ರೋಹಿ ಅನ್ನಬೇಕು. ಭಾಷೆ ಬೆಳೆಸಬೇಕಾದವರ ಶಕ್ತಿಯೆಲ್ಲ ಸುಳ್ಳಿಗೆ ಕಾವಲು ಕಾಯೋದರಲ್ಲೇ ಮುಗಿಯುತ್ತೆ.

ಇದೇ ಮನುಷ್ಯ 1899ರಲ್ಲಿ ಮತ್ತೆ ಸಿಕ್ಕಿಹಾಕಿಕೊಂಡ. ಪೊಲ್ನಾ ಎಂಬ ಊರಿನ ಹತ್ತಿರ 19 ವರ್ಷದ ಹುಡುಗಿಯ ಕೊಲೆಯಾಯಿತು. ಲಿಯೊಪೊಲ್ಡ್ ಹಿಲ್ಸ್‌ನರ್ ಎಂಬ ಬಡ ಯಹೂದಿಯನ್ನು ಹಿಡಿದರು. ಯಹೂದಿಗಳು ಆಚರಣೆಗಾಗಿ ಕ್ರೈಸ್ತರ ರಕ್ತ ತೆಗೆಯುತ್ತಾರೆ ಅನ್ನೋ ಮಧ್ಯಯುಗದ ಗಾಳಿಸುದ್ದಿ ಮತ್ತೆ ಎದ್ದಿತು. ಗಟ್ಟಿ ಸಾಕ್ಷಿ ಇಲ್ಲದಿದ್ದರೂ ಮರಣದಂಡನೆ ಆಯಿತು. ಮಸಾರಿಕ್ ಕೇಸ್ ಕಾಗದ ತರಿಸಿ ಓದಿದ, ಮರುವಿಚಾರಣೆ ಆಗಬೇಕು ಅಂತ ಪುಸ್ತಿಕೆ ಬರೆದ. ಅವನದೇ ವಿದ್ಯಾರ್ಥಿಗಳು ತರಗತಿಯಲ್ಲಿ ಗಲಾಟೆ ಎಬ್ಬಿಸಿದರು, ಪಾಠ ನಿಂತಿತು. ಮರುವಿಚಾರಣೆಯಲ್ಲೂ ಹಿಲ್ಸ್‌ನರ್‌ನನ್ನು ಅಪರಾಧಿ ಅಂದರು. ಶಿಕ್ಷೆ ಜೀವಾವಧಿಗೆ ಇಳಿಯಿತು. ಅವನು ಹೊರಗೆ ಬಂದದ್ದು 1918ರಲ್ಲಿ. ಕಟ್ಟುಕಥೆ ಚರ್ಮದ ಹಾಳೆಯಲ್ಲಿ ಬರೆದದ್ದಾಗಿರಲಿ, ಸಂತೆಯಲ್ಲಿ ಹಬ್ಬಿದ್ದಾಗಿರಲಿ, ಒಂದನ್ನು ಪ್ರಶ್ನಿಸದೆ ನುಂಗಿದವರಿಗೆ ಇನ್ನೊಂದು ನುಂಗೋದು ಕಷ್ಟವಾಗಲಿಲ್ಲ. ವ್ಯತ್ಯಾಸ ಇಷ್ಟೇ, ಎರಡನೆಯದಕ್ಕೆ ಒಬ್ಬ ಮನುಷ್ಯನ 19 ವರ್ಷ ಹೋಯಿತು.

ಆಳುವವರ ಕಡೆಯ ಬುದ್ಧಿಜೀವಿಗಳು ಇದಕ್ಕಿಂತ ವಾಸಿ ಇದ್ದರು ಅಂತ ಅಂದುಕೊಳ್ಳಬೇಡಿ. 1897ರಲ್ಲಿ ಪ್ರಧಾನಿ ಬಾದೆನಿ ಬೊಹೀಮಿಯ, ಮೊರಾವಿಯದ ಸರ್ಕಾರಿ ನೌಕರರು ಎರಡೂ ಭಾಷೆ ಕಲಿಯಬೇಕು ಅಂತ ಆಜ್ಞೆ ಹೊರಡಿಸಿದ. ವಿದ್ಯಾವಂತ ಚೆಕ್ಕರಿಗೆ ಜರ್ಮನ್ ಹೇಗೂ ಬರುತ್ತಿತ್ತು. ಹೆಚ್ಚಿನ ಜರ್ಮನ್ನರಿಗೆ ಚೆಕ್ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ವಿಯೆನ್ನಾ ಪಾರ್ಲಿಮೆಂಟಿನಲ್ಲಿ ಮೇಜು ಕುಟ್ಟಾಟ, ಬೀದಿಗಳಲ್ಲಿ ದೊಂಬಿ. ಆಗ ಅಲ್ಲೇ ಇದ್ದ ಮಾರ್ಕ್ ಟ್ವೇನ್ ಈ ಗದ್ದಲವನ್ನು ನೋಡಿ ಬರೆದಿದ್ದಾನೆ. ರೋಮ್ ಇತಿಹಾಸ ಬರೆದು ಮುಂದೆ ನೊಬೆಲ್ ಪಡೆದ ಥಿಯೊಡೋರ್ ಮೊಮ್‌ಸೆನ್, ಚೆಕ್ಕರ ತಲೆಬುರುಡೆಗೆ ವಿವೇಕ ಇಳಿಯುವುದಿಲ್ಲ, ಏಟಾದರೆ ಗೊತ್ತಾಗುತ್ತೆ ಅನ್ನೋ ಅರ್ಥದ ಪತ್ರವನ್ನು ವಿಯೆನ್ನಾದ ಪತ್ರಿಕೆಗೆ ಬರೆದ. ಅಂಥ ಪಾಂಡಿತ್ಯಕ್ಕೂ ನೆರೆಯವನನ್ನು ಮನುಷ್ಯ ಅಂತ ನೋಡೋದಕ್ಕೂ ಸಂಬಂಧವೇ ಇರಲಿಲ್ಲ. ವರ್ಷದ ಕೊನೆಗೆ ಬಾದೆನಿಯ ಕುರ್ಚಿ ಹೋಯಿತು, ಆಜ್ಞೆಯೂ ಬಾಳಲಿಲ್ಲ.

1909ರಲ್ಲಿ ಇನ್ನೊಂದು ಪ್ರಕರಣ. ವಿಯೆನ್ನಾದ ಹೆಸರಾಂತ ಇತಿಹಾಸಕಾರ ಹೈನ್ರಿಖ್ ಫ್ರೀಡ್‌ಯುಂಗ್, ಕ್ರೊಯೇಷಿಯದ ಕೆಲವು ರಾಜಕಾರಣಿಗಳು ಸರ್ಬಿಯದ ದುಡ್ಡು ತಿಂದ ದ್ರೋಹಿಗಳು ಅಂತ ಬರೆದ. ಆಧಾರವಾಗಿ ವಿದೇಶಾಂಗ ಕಚೇರಿ ಅವನಿಗೆ ದಾಖಲೆ ಒದಗಿಸಿತ್ತು. ಕೋರ್ಟಿನಲ್ಲಿ ಆ ದಾಖಲೆಗಳು ಖೋಟಾ ಅಂತ ಬಯಲಾಯಿತು. ಬೆಲ್‌ಗ್ರೇಡ್‌ನ ಆಸ್ಟ್ರಿಯನ್ ರಾಯಭಾರ ಕಚೇರಿಯತ್ತ ಬೊಟ್ಟು ಮಾಡಿ, ಬೆನ್ನು ಹತ್ತಿ ಹೋದವನು ಯಾರು? ಆಗ ಎಂಪಿ ಆಗಿದ್ದ ಮಸಾರಿಕ್. 23 ವರ್ಷ ಹಿಂದೆ ತನ್ನವರ ಖೋಟಾವನ್ನು ಖೋಟಾ ಅಂದವನು, ಈಗ ಸಾಮ್ರಾಜ್ಯದ ಖೋಟಾವನ್ನು ಖೋಟಾ ಅಂದ. ಮೊದಲನೆಯದನ್ನು ಹೇಳಿದ್ದರಿಂದಲೇ ಎರಡನೆಯದನ್ನು ಹೇಳಿದಾಗ ಯುರೋಪ್ ಕಿವಿಗೊಟ್ಟಿತು. ನಮ್ಮವರ ಸುಳ್ಳಿಗೆ ಸುಮ್ಮನಿದ್ದು ಎದುರಿನವರ ಸುಳ್ಳಿಗೆ ಮಾತ್ರ ಕೂಗಾಡುವವರಿಗೆ ಆ ಬೆಲೆ ಸಿಗೋದಿಲ್ಲ.

1918ರಲ್ಲಿ ಸಾಮ್ರಾಜ್ಯ ಕುಸಿಯಿತು. ನಾಡದ್ರೋಹಿ ಅನ್ನಿಸಿಕೊಂಡಿದ್ದ ಮಸಾರಿಕ್ ಹೊಸ ಚೆಕೊಸ್ಲೊವಾಕಿಯದ ಮೊದಲ ರಾಷ್ಟ್ರಪತಿ ಆದ. ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ, ಪೂರ್ತಿ ಆಗೋದಿಲ್ಲ. ಆ ದೇಶದೊಳಗೆ ಸುಮಾರು 30 ಲಕ್ಷ ಜರ್ಮನ್ ಭಾಷಿಕರಿದ್ದರು. ಅದೇ ಡಿಸೆಂಬರ್ 22ರ ಮೊದಲ ಭಾಷಣದಲ್ಲಿ ಮಸಾರಿಕ್ ಅವರನ್ನು ಮೂಲದಲ್ಲಿ ವಲಸೆ ಬಂದವರು ಅಂತ ಕರೆದ. ಏಳು ನೂರು ವರ್ಷದಿಂದ ಅಲ್ಲೇ ಇದ್ದವರನ್ನು! ಯಾರು ಮೊದಲು ಬಂದರು ಅನ್ನೋ ಹಳೆಯ ಲೆಕ್ಕದಿಂದ ಅವನಂಥವನೂ ತಪ್ಪಿಸಿಕೊಳ್ಳಲಾಗಲಿಲ್ಲ. ಅವನ ಆಡಳಿತದಲ್ಲಿ ಅವರಿಗೆ ಶಾಲೆ, ವಿಶ್ವವಿದ್ಯಾಲಯ, ಓಟು ಎಲ್ಲ ಇತ್ತು ನಿಜ. ಆದರೆ ನೀವು ನಮ್ಮವರಲ್ಲ ಅನ್ನೋ ಮಾತು ಮನಸ್ಸಿನಲ್ಲಿ ಉಳಿಯುತ್ತೆ. ಆ ಅಸಮಾಧಾನವನ್ನು 1938ರಲ್ಲಿ ಹಿಟ್ಲರ್ ಬಳಸಿಕೊಂಡ. ಯುದ್ಧ ಮುಗಿದ ಮೇಲೆ ಹೆಚ್ಚುಕಮ್ಮಿ ಅಷ್ಟೂ ಜರ್ಮನ್ನರನ್ನು ದೇಶದಿಂದ ಹೊರಹಾಕಲಾಯಿತು. ಯಹೂದಿಗಳನ್ನು ಅದಕ್ಕೂ ಮೊದಲೇ ನಾಜಿಗಳು ಕೊಂದು ಮುಗಿಸಿದ್ದರು. ಮಕ್ಕಳನ್ನು ಅದಲುಬದಲು ಮಾಡಿಕೊಳ್ಳಲು ಪಕ್ಕದ ಮನೆಯೇ ಉಳಿಯಲಿಲ್ಲ.

ನಮಗೆ ಇದರಲ್ಲಿ ಏನಿದೆ? ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು, ಬೊಹೀಮಿಯ ಕರ್ನಾಟಕವಲ್ಲ. ಆದರೂ ಒಂದು ಮಾತು ತಾಕುತ್ತೆ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಾಗ ನಾವೆಲ್ಲ ಖುಷಿಪಟ್ಟೆವು. ಅದಕ್ಕೆ ಬೇಕಾದ ಮುಖ್ಯ ಅರ್ಹತೆ ಪ್ರಾಚೀನತೆ. ಪುಣ್ಯಕ್ಕೆ ನಮ್ಮ ಹಲ್ಮಿಡಿ ಶಾಸನ ಕಲ್ಲಿನ ಮೇಲಿದೆ, ಯಾರೂ ರೂಮಿನಲ್ಲಿ ಕೂತು ಬರೆದದ್ದಲ್ಲ. ಆದರೆ ಆ ಕಲ್ಲು ಸಿಗದೇ ಹೋಗಿದ್ದರೆ ನಮ್ಮ ಮಗು ಕನ್ನಡದಲ್ಲಿ ಓದುವ ಹಕ್ಕು, ಬ್ಯಾಂಕಿನಲ್ಲಿ ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ಒಂದು ತೂಕ ಕಡಿಮೆ ಆಗುತ್ತಿತ್ತಾ? ಹಳಮೆಯೇ ಅಳತೆಗೋಲಾದರೆ ಕೊಡವ, ಬ್ಯಾರಿ ಆಡುವವರಿಗೆ ನಾವು ಏನು ಹೇಳೋಣ?

ಚೆಕ್ ಭಾಷೆ ಇವತ್ತು ಗಟ್ಟಿಯಾಗಿದೆ. ಕಾಫ್ಕಾ ಓಡಾಡಿದ ಅದೇ ಪ್ರಾಗ್‌ನಲ್ಲಿ ಇವತ್ತು ಕೋರ್ಟು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿ ಎಲ್ಲ ಕಡೆ ಅದು ನಡೆಯುತ್ತೆ. ಅದು ಉಳಿದದ್ದು ಹಾಂಕಾನ ಹಾಳೆಗಳಿಂದಲ್ಲ. ಅವು ಖೋಟಾ ಅಂತ ಗೊತ್ತಾದ ಮೇಲೂ ಭಾಷೆ ಬೀಳಲಿಲ್ಲ, ರಂಗಮಂದಿರ ಬಾಗಿಲು ಮುಚ್ಚಲಿಲ್ಲ. ಯುಂಗ್‌ಮನ್‌ನ ನಿಘಂಟು, ಪ್ರೆಸ್ಲ್‌ನ ಪದಗಳು, ಗೆಬೌಎರ್‌ನ ವ್ಯಾಕರಣ, ಹೆಸರಿಲ್ಲದ ಸಾವಿರಾರು ಮೇಷ್ಟ್ರುಗಳು ಅದನ್ನು ಉಳಿಸಿದರು. ನಿನ್ನೆ ಎಷ್ಟು ದೊಡ್ಡದಿತ್ತು ಅನ್ನೋದು ಹಕ್ಕುಪತ್ರ ಅಲ್ಲ. ಇವತ್ತು ಆಡುವವರಿದ್ದಾರೆ ಅನ್ನೋದೇ ಸಾಕು.

ಮುಂದಿನ ಸಲ ವಾಟ್ಸಾಪ್‌ನಲ್ಲಿ ನಮ್ಮ ನಾಡಿನ ಐದು ಸಾವಿರ ವರ್ಷದ ವೈಭವದ ಬಗ್ಗೆ ರೋಮಾಂಚನ ಹುಟ್ಟಿಸುವ ಮೆಸೇಜ್ ಬಂದಾಗ ಫಾರ್ವರ್ಡ್ ಒತ್ತುವ ಮುಂಚೆ ಒಂದು ಕ್ಷಣ ದೊಬ್ರೊವ್‌ಸ್ಕಿಯನ್ನು ನೆನಪು ಮಾಡಿಕೊಳ್ಳಿ. ಇದು ನಿಜವಾ ಅಂತ ಕೇಳಿದರೆ ಭಾಷೆಗೆ ದ್ರೋಹ ಆಗೋದಿಲ್ಲ. ಚೆಕ್ಕರ ಪಾಲಿಗೆ ಆ ಪ್ರಶ್ನೆ ಮೊದಲು ಕೇಳಿದವನು ಅವರ ಭಾಷೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಾಗಿದ್ದ.